ಓದಿದ್ದು ಯಾರೆಂದು ಹೇಳದವರು

ನೊಬೆಲ್ ಸಾಹಿತ್ಯ ಪ್ರಶಸ್ತಿಯ ಘೋಷಣೆಗೆ ಇನ್ನು ಕೆಲವೇ ದಿನಗಳಿದ್ದವು. ಎಂದಿನಂತೆ ಆ ವರ್ಷವೂ ಹರುಕಿ ಮುರಕಾಮಿಯವರ ಹೆಸರು ಜಪಾನಿನ ತುಂಬ ಓಡಾಡುತ್ತಿತ್ತು. 2015ರ ಅಕ್ಟೋಬರ್ 5ರಂದು ಕೋಬೆ ನಗರದ ದಿನಪತ್ರಿಕೆ ‘ಕೋಬೆ ಶಿಂಬುನ್’ ಸಾಹಿತ್ಯಪ್ರಿಯರು ಕಣ್ಣರಳಿಸಿ ಓದುವಂಥ ಸುದ್ದಿಯೊಂದನ್ನು ಹೊತ್ತು ತಂದಿತು. ಮುರಕಾಮಿ 1960ರ ದಶಕದಲ್ಲಿ ಕಲಿತ ಹೈಸ್ಕೂಲಿನ ಲೈಬ್ರರಿಯಲ್ಲಿ ವಿಲೇವಾರಿಗೆಂದು ತೆಗೆದಿಟ್ಟ ಹಳೆಯ ಪುಸ್ತಕಗಳನ್ನು ವಿಂಗಡಿಸುವಾಗ ಅವರ ಹೆಸರಿದ್ದ ಎರವಲು ಕಾರ್ಡುಗಳು ಸಿಕ್ಕಿದ್ದವು. ಮುಂದೆ ಜಗತ್ತೇ ಓದುವ ಕಾದಂಬರಿಕಾರನಾಗಲಿದ್ದ ಹುಡುಗ ಫ್ರೆಂಚ್ ಲೇಖಕ ಜೋಸೆಫ್ ಕೆಸೆಲ್‌ನ ಸಂಪುಟಗಳನ್ನು ಮನೆಗೆ ಒಯ್ದಿದ್ದ. ಪತ್ರಿಕೆ ಆ ಕಾರ್ಡುಗಳ ಫೋಟೊವನ್ನೂ ಅಚ್ಚು ಹಾಕಿತು. ಅವೇ ಪುಸ್ತಕಗಳನ್ನು ಒಯ್ದಿದ್ದ ಬೇರೆ ವಿದ್ಯಾರ್ಥಿಗಳ ಹೆಸರುಗಳೂ ಅದರಲ್ಲಿದ್ದವು.

ಓದುಗರಿಗೆ ಖುಷಿಯಾಯಿತು. ಲೈಬ್ರೇರಿಯನ್ನರಿಗೆ ಆಗಲಿಲ್ಲ.

ಜಪಾನ್ ಲೈಬ್ರರಿ ಸಂಘ ವಿಚಾರಣೆ ನಡೆಸಿ ನವೆಂಬರ್ ಕೊನೆಗೆ ತನ್ನ ಅಭಿಪ್ರಾಯ ಹೊರಗಿಟ್ಟಿತು: ಯಾರು ಯಾವ ಪುಸ್ತಕ ಒಯ್ದರು ಎಂಬುದನ್ನು ಹೊರಗಿನವರಿಗೆ ತಿಳಿಸುವುದು ಓದುಗನ ಖಾಸಗಿತನಕ್ಕೆ ಬಗೆದ ಅನ್ಯಾಯ, ಓದುಗ ಎಷ್ಟೇ ಖ್ಯಾತನಾಗಿರಲಿ, ಎರವಲು ಪಡೆದು ಅರ್ಧ ಶತಮಾನವೇ ಸಂದಿರಲಿ, ಅನ್ಯಾಯ ಅನ್ಯಾಯವೇ. ದೊಡ್ಡ ಲೇಖಕನ ಮನಸ್ಸು ಹೇಗೆ ರೂಪುಗೊಂಡಿತು ಎಂಬುದು ಅಧ್ಯಯನದ ವಸ್ತುವಲ್ಲವೇ ಎಂದು ಪತ್ರಿಕೆ ತನ್ನನ್ನು ಸಮರ್ಥಿಸಿಕೊಂಡಿತು. ಆ ವಾದದಲ್ಲೂ ತಿರುಳಿದೆ. ಆದರೆ ಜಪಾನಿನ ಲೈಬ್ರೇರಿಯನ್ನರು ಇಷ್ಟು ಗಟ್ಟಿಯಾಗಿ ನಿಲ್ಲಲು ಅವರದೇ ಚರಿತ್ರೆಯ ಕಾರಣವಿದೆ. ಎರಡನೇ ಮಹಾಯುದ್ಧ ಮುಗಿಯುವವರೆಗೆ ಅಲ್ಲಿನ ಲೈಬ್ರರಿಗಳು ಪ್ರಜೆಗಳ ವಿಚಾರಗಳನ್ನು ಸರ್ಕಾರ ಬಯಸಿದ ದಾರಿಗೆ ತಿದ್ದುವ ಕೆಲಸಕ್ಕೆ ಬಳಕೆಯಾಗಿದ್ದವು. ಆ ತಪ್ಪನ್ನು ಒಪ್ಪಿಕೊಂಡೇ ಸಂಘವು 1954ರಲ್ಲಿ ಲೈಬ್ರರಿಗಳ ಸ್ವಾತಂತ್ರ್ಯದ ಘೋಷಣೆಯನ್ನು ಅಂಗೀಕರಿಸಿತು. 1979ರಲ್ಲಿ ಅದನ್ನು ಪರಿಷ್ಕರಿಸುವಾಗ ಓದುಗನ ಗುಟ್ಟನ್ನು ಕಾಯುವುದು ಲೈಬ್ರರಿಯ ಹೊಣೆ ಎಂಬ ಮಾತು ಅದರೊಳಗೆ ಸೇರಿತು.

ಲೈಬ್ರೇರಿಯನ್ನರ ವೃತ್ತಿಧರ್ಮ ಅಂದಾಗ ನೆನಪಾಗುವ ಸಂಗತಿಗಳು ಹಲವು. ಪುಸ್ತಕ ಖರೀದಿಯಲ್ಲಿ ಪ್ರಕಾಶಕರ ಮುಲಾಜಿಗೆ ಬೀಳದಿರುವುದು, ಜಾತಿ ಮತ ನೋಡದೆ ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವುದು, ತನಗೆ ಹಿಡಿಸದ ಪುಸ್ತಕವನ್ನೂ ಬೀರುವಿನಲ್ಲಿ ಇಡುವುದು, ಹಸ್ತಪ್ರತಿಗಳನ್ನು ಹುಳುವಿನಿಂದ ಕಾಪಾಡುವುದು. ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಓದುಗನ ಗುಟ್ಟು ಕಾಯುವುದು ಮಾತ್ರ ಕಾಣುವುದೇ ಇಲ್ಲ. ಹೇಳಬಹುದಾಗಿದ್ದ ಮಾತನ್ನು ಹೇಳದೇ ಉಳಿಯುವುದೇ ಅಲ್ಲಿನ ಕೆಲಸ. ಹೊಗಳಲು ಹೊರಗೇನೂ ಉಳಿಯುವುದಿಲ್ಲ.

ನಮ್ಮ ತಾಲ್ಲೂಕು ಕೇಂದ್ರಗಳ ಲೈಬ್ರರಿಯನ್ನು ಕಣ್ಣ ಮುಂದೆ ತಂದುಕೊಂಡರೆ ಈ ಮೌನದ ಬೆಲೆ ತಿಳಿಯುತ್ತದೆ. ಕೌಂಟರಿನಲ್ಲಿ ಕೂತವರಿಗೆ ಊರೆಲ್ಲ ಪರಿಚಯ. ವಿಚ್ಛೇದನದ ಕಾನೂನು ಹೇಳುವ ಪುಸ್ತಕ ಕೇಳಿದ ಹೆಣ್ಣುಮಗಳು ಯಾರ ಮನೆ ಸೊಸೆ ಎಂಬುದು ಅವರಿಗೆ ಗೊತ್ತು. ಕ್ಷಯದ ಬಗ್ಗೆ, ಕುಡಿತ ಬಿಡುವ ಬಗ್ಗೆ, ಬೇರೊಂದು ಧರ್ಮದ ಬಗ್ಗೆ ಓದುತ್ತಿರುವವರ ತಂದೆ ಸಂಜೆ ಕೌಂಟರಿನವರು ಹೋಗುವ ಚಹಾ ಅಂಗಡಿಗೇ ಬರುತ್ತಾರೆ. ‘ನಿಮ್ಮ ಹುಡುಗಿ ಈಗೀಗ ಏನೇನೋ ಓದ್ತಿದಾಳಪ್ಪ’ ಎಂದು ಯಾವ ಕೆಡುಕೂ ಇಲ್ಲದೆ, ಕಾಳಜಿಯಿಂದಲೇ ಆಡಿದ ಮಾತು ಸಾಕು. ಆ ಹುಡುಗಿ ಮತ್ತೆ ಆ ಬಾಗಿಲು ದಾಟುವುದಿಲ್ಲ. ಮಕ್ಕಳ ಓದಿನ ವಿಷಯದಲ್ಲಿ ತಂದೆತಾಯಿಗೆ ಎಷ್ಟು ಹಕ್ಕಿದೆ ಎಂಬ ಚರ್ಚೆ ಜಗತ್ತಿನಲ್ಲೆಲ್ಲ ನಡೆಯುತ್ತಲೇ ಇದೆ, ಅದು ಸುಲಭದ್ದೂ ಅಲ್ಲ. ಹದಿನೆಂಟು ದಾಟಿದವರ ವಿಷಯದಲ್ಲಾದರೂ ಚರ್ಚೆಗೆ ಜಾಗವಿರಬಾರದು.

ವೈದ್ಯರ ಗುಟ್ಟು, ವಕೀಲರ ಗುಟ್ಟು ಎಲ್ಲರಿಗೂ ಅರ್ಥವಾಗುತ್ತವೆ. ರೋಗಿಯ ಕಾಯಿಲೆಯೂ ಕಕ್ಷಿದಾರನ ತಕರಾರೂ ಆಗಲೇ ಆಕಾರ ಪಡೆದಿರುತ್ತವೆ. ಲೈಬ್ರರಿಗೆ ಬಂದವನ ತಲೆಯಲ್ಲಿರುವುದು ಇನ್ನೂ ಆಕಾರ ಪಡೆಯದ ಒಂದು ಪ್ರಶ್ನೆ. ಅವನು ಬಾಂಬಿನ ಬಗ್ಗೆ ಓದುವುದು ಪತ್ತೇದಾರಿ ಕಾದಂಬರಿ ಬರೆಯಲೆಂದೂ ಇರಬಹುದು. ಓದಿದ್ದನ್ನು ನಂಬಿದ್ದಾನೆಂದು, ನಂಬಿದ್ದನ್ನು ಮಾಡುತ್ತಾನೆಂದು ಹೊರಗಿನವರು ಲೆಕ್ಕ ಹಾಕತೊಡಗಿದರೆ ಜನ ಮೊದಲು ಬಿಡುವುದು ಓದನ್ನೇ.

ಈ ಲೆಕ್ಕಾಚಾರ ಅಮೆರಿಕದಲ್ಲಿ ನಡೆದೇ ಹೋಯಿತು. 1970ರಲ್ಲಿ ವಿಸ್ಕಾನ್ಸಿನ್‌ನ ಮಿಲ್ವಾಕಿ ನಗರದ ಸಾರ್ವಜನಿಕ ಲೈಬ್ರರಿಗೆ ತೆರಿಗೆ ಇಲಾಖೆಯ ಅಧಿಕಾರಿಗಳು ಬಂದರು. ಸ್ಫೋಟಕಗಳ ಕುರಿತ ಪುಸ್ತಕ ಒಯ್ದವರ ಹೆಸರು ಬೇಕು ಎಂದರು. ಲೈಬ್ರರಿ ಮೊದಲು ಒಪ್ಪಲಿಲ್ಲ. ಆದರೆ ಇವು ಸಾರ್ವಜನಿಕ ದಾಖಲೆಗಳೆಂದು ನಗರದ ವಕೀಲರು ಅಭಿಪ್ರಾಯ ಕೊಟ್ಟ ಮೇಲೆ ಕಾರ್ಡುಗಳನ್ನು ತೆರೆದಿಡಬೇಕಾಯಿತು. 1939ರಲ್ಲೇ ನೀತಿಸಂಹಿತೆ ಬರೆದುಕೊಂಡಿದ್ದ ಅಮೆರಿಕನ್ ಲೈಬ್ರರಿ ಸಂಘಕ್ಕೆ ಇದರಿಂದ ಎಚ್ಚರವಾಯಿತು. ಓದುಗರ ದಾಖಲೆಗಳನ್ನು ನ್ಯಾಯಾಲಯದ ಕ್ರಮಬದ್ಧ ಆದೇಶವಿಲ್ಲದೆ ಯಾರಿಗೂ ಕೊಡಬಾರದೆಂದು ಅದು 1971ರಲ್ಲಿ ನಿಯಮ ಮಾಡಿತು.

ನಿಯಮ ಕಾಗದದ ಮೇಲೆ ಬಂತು. ಅದರ ಹಿಂದಿರುವ ಮನೋಧರ್ಮಕ್ಕಾಗಿ ಜೈಲಿಗೆ ಹೋದ ಹೆಂಗಸಿನ ಹೆಸರು ಜೋಯಾ ಹಾರ್ನ್.

ಹಾರ್ನ್ ಹುಟ್ಟಿದ್ದು 1918ರಲ್ಲಿ ಉಕ್ರೇನಿನ ಒಡೆಸಾದಲ್ಲಿ. ಬಾಲಕಿಯಾಗಿದ್ದಾಗಲೇ ಕುಟುಂಬದೊಂದಿಗೆ ಅಮೆರಿಕಕ್ಕೆ ಬಂದರು. 1970ರ ಹೊತ್ತಿಗೆ ಅವರು ಪೆನ್ಸಿಲ್ವೇನಿಯಾದ ಬಕ್‌ನೆಲ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಪರಾಮರ್ಶನ ವಿಭಾಗದ ಮುಖ್ಯಸ್ಥೆ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸಮೀಪದ ಸೆರೆಮನೆಯಲ್ಲಿದ್ದ ಪಾದ್ರಿ ಫಿಲಿಪ್ ಬೆರಿಗನ್ ಮತ್ತು ಅವರ ಸಂಗಾತಿಗಳ ಮೇಲೆ ಸರ್ಕಾರ ಮೊಕದ್ದಮೆ ಹೂಡಿತು. ಅಧ್ಯಕ್ಷರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಅವರನ್ನು ಅಪಹರಿಸಲು, ವಾಷಿಂಗ್ಟನ್ನಿನ ಸುರಂಗಗಳನ್ನು ಸ್ಫೋಟಿಸಲು ಸಂಚು ಮಾಡಿದರು ಎಂಬುದು ಆರೋಪ. ಸರ್ಕಾರದ ಮುಖ್ಯ ಸಾಕ್ಷಿ ಬಾಯ್ಡ್ ಡಗ್ಲಸ್ ಎಂಬ ಕೈದಿ. ಓದಿನ ನೆಪದಲ್ಲಿ ಹಗಲು ಹೊತ್ತು ಸೆರೆಮನೆಯಿಂದ ಬಿಡುಗಡೆ ಪಡೆದು, ಬಕ್‌ನೆಲ್ ಲೈಬ್ರರಿಯಲ್ಲಿ ಕೆಲಸಕ್ಕಿದ್ದ ಇವನು ಕೈದಿಗಳ ಪತ್ರಗಳನ್ನು ಸಾಗಿಸುತ್ತ ಅವುಗಳ ಪ್ರತಿಯನ್ನು ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಮುಟ್ಟಿಸುತ್ತಿದ್ದ. ಪುಸ್ತಕಗಳ ನಡುವೆ ಜತೆಗೆ ದುಡಿಯುತ್ತಿದ್ದವನೇ ಗೂಢಚಾರ ಎಂದು ಹಾರ್ನ್ ಅವರಿಗೆ ತಿಳಿದದ್ದು ಎಫ್‌ಬಿಐ ತಮ್ಮ ಮನೆಯ ಬಾಗಿಲು ಬಡಿದ ಮೇಲೆ.

1972ರ ಮಾರ್ಚ್‌ನಲ್ಲಿ ಹ್ಯಾರಿಸ್‌ಬರ್ಗ್ ನ್ಯಾಯಾಲಯಕ್ಕೆ ಅವರನ್ನು ಸಾಕ್ಷಿಯಾಗಿ ಕರೆಯಲಾಯಿತು. ಸಾಕ್ಷಿ ಹೇಳಿದ್ದಕ್ಕೆ ಅವರ ಮೇಲೆ ಕ್ರಮವಿಲ್ಲವೆಂಬ ರಕ್ಷಣೆಯೂ ಇತ್ತು. ಅವರು ಬಾಯಿ ಬಿಡಲಿಲ್ಲ. ಮನೆ, ಲೈಬ್ರರಿ, ವಿಶ್ವವಿದ್ಯಾಲಯಗಳಲ್ಲಿ ಸರ್ಕಾರ ಗೂಢಚಾರಿಕೆ ನಡೆಸಿದರೆ ವಿಚಾರ ಸ್ವಾತಂತ್ರ್ಯ ಉಸಿರುಗಟ್ಟುತ್ತದೆ, ಅಂಥ ವಿಚಾರಣೆಗೆ ತಾನು ಕೈಜೋಡಿಸಲಾರೆ ಎಂಬುದು ಅವರ ನಿಲುವು. ನ್ಯಾಯಾಲಯ ಅವರನ್ನು ನ್ಯಾಯಾಂಗ ನಿಂದನೆಯ ಮೇಲೆ ಜೈಲಿಗೆ ಕಳಿಸಿತು. ಮುಖ್ಯ ಆರೋಪಗಳ ಬಗ್ಗೆ ಜ್ಯೂರಿ ಒಮ್ಮತಕ್ಕೆ ಬರಲಾಗದೆ ಮೊಕದ್ದಮೆ ಮುಗಿದಾಗ ಅವರ ಸೆರೆವಾಸಕ್ಕೆ ಸುಮಾರು 20 ದಿನ ತುಂಬಿತ್ತು. ವೃತ್ತಿಯ ಮೌಲ್ಯಕ್ಕಾಗಿ ಜೈಲು ಕಂಡ ಮೊದಲ ಅಮೆರಿಕನ್ ಲೈಬ್ರೇರಿಯನ್ ಎಂದು ಇಂದು ಅವರನ್ನು ನೆನೆಯುತ್ತಾರೆ. ಆಗ ಮಾತ್ರ ಅವರದೇ ಸಂಘ ಬೆಂಬಲಕ್ಕೆ ನಿಲ್ಲಲು ಹಿಂಜರಿದು, ತಡವಾಗಿ ಮನಸ್ಸು ಬದಲಿಸಿತು. ನೀತಿಸಂಹಿತೆ ಬರೆದವರು ಅದನ್ನು ಪಾಲಿಸಿದವರ ಜತೆ ನಿಲ್ಲಲು ತಡಮಾಡಿದ್ದು ಈ ಕಥೆಯಲ್ಲಿ ಮನಸ್ಸಿಗೆ ಹೆಚ್ಚು ನೋವು ಕೊಡುವ ಭಾಗ.

ಹದಿನೈದು ವರ್ಷ ಕಳೆದು, 1987ರಲ್ಲಿ, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಮತ್ತು ವಿಜ್ಞಾನ ಲೈಬ್ರರಿಗೆ ಇಬ್ಬರು ಎಫ್‌ಬಿಐ ಅಧಿಕಾರಿಗಳು ಬಂದರು. ವಿದೇಶೀಯರು ಏನು ಓದುತ್ತಾರೆ ಎಂದು ಕೇಳಿದರು. ಕೇಳಿದ್ದು ಮುಖ್ಯಸ್ಥರನ್ನಲ್ಲ, ಕೌಂಟರಿನಲ್ಲಿದ್ದ ಗುಮಾಸ್ತರನ್ನು. ಮಾತು ಕಿವಿಗೆ ಬಿದ್ದ ಹಿರಿಯ ಲೈಬ್ರೇರಿಯನ್ ನಡುವೆ ಬಂದು ತಡೆದರು. ಆಡಳಿತದ ಹೊಣೆ ಹೊತ್ತಿದ್ದ ಪೌಲಾ ಕಾಫ್‌ಮನ್ ಮಾಹಿತಿ ಕೊಡಲು ನಿರಾಕರಿಸಿ ವಿಷಯವನ್ನು ಸಂಘದ ಗಮನಕ್ಕೆ ತಂದರು. ಸೋವಿಯತ್ ಗೂಢಚಾರರನ್ನು ಪತ್ತೆ ಹಚ್ಚುವ ಹೆಸರಿನಲ್ಲಿ ಎಫ್‌ಬಿಐ ಬೇರೆ ಬೇರೆ ಲೈಬ್ರರಿಗಳಿಗೂ ಎಡತಾಕಿದ್ದು ಆಗ ಬಯಲಾಯಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದವರು ಆ ಗುಮಾಸ್ತರು. ಕೇಳಿಕೊಂಡು ಬರುವವರು, ಪೊಲೀಸರಿರಲಿ ನೆಂಟರಿರಲಿ, ಮೊದಲು ಬರುವುದು ಕೌಂಟರಿಗೇ. ಡಿಗ್ರಿ ಪಡೆದ ಲೈಬ್ರೇರಿಯನ್ ಒಳಗಿನ ಕೋಣೆಯಲ್ಲಿರುತ್ತಾರೆ, ಸಂಜೆ ಪಾಳಿಯಲ್ಲಿ ಇರುವುದೇ ಇಲ್ಲ. ಪುಸ್ತಕ ಜೋಡಿಸುವ ಅಟೆಂಡರ್, ದಿನಗೂಲಿಯ ಹುಡುಗ, ಗೇಟಿನ ಕಾವಲುಗಾರ, ಇವರಿಗೆ ‘ಇದನ್ನು ಹೇಳಬೇಡಿ, ಕೇಳಿದವರನ್ನು ನನ್ನ ಬಳಿ ಕಳಿಸಿ’ ಎಂದು ಯಾರಾದರೂ ಕೂರಿಸಿ ಹೇಳಿದ್ದಾರೆಯೇ? ವೃತ್ತಿಧರ್ಮದ ಪಾಠ ಎಂ.ಲಿಬ್ ತರಗತಿಯಲ್ಲೇ ನಿಂತುಬಿಟ್ಟರೆ ಅದು ತಲುಪಬೇಕಾದ ಕುರ್ಚಿಯನ್ನು ತಲುಪಲಿಲ್ಲ.

ಕನೆಕ್ಟಿಕಟ್ ರಾಜ್ಯದ ನಾಲ್ವರ ಕಥೆ ಇನ್ನೂ ಇತ್ತೀಚಿನದು. ಅಲ್ಲಿನ 20ಕ್ಕೂ ಹೆಚ್ಚು ಲೈಬ್ರರಿಗಳ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುವ ‘ಲೈಬ್ರರಿ ಕನೆಕ್ಷನ್’ ಎಂಬ ಸಂಸ್ಥೆಯ ನಿರ್ದೇಶಕ ಜಾರ್ಜ್ ಕ್ರಿಶ್ಚಿಯನ್ ಅವರ ಬಳಿ 2005ರ ಜುಲೈನಲ್ಲಿ ಎಫ್‌ಬಿಐ ಅಧಿಕಾರಿಗಳು ಪತ್ರವೊಂದನ್ನು ತಂದರು. ಫೆಬ್ರುವರಿ 15ರಂದು ಸಂಜೆ 4ರಿಂದ 4.45ರವರೆಗೆ ಇಂಥ ಕಂಪ್ಯೂಟರ್ ವಿಳಾಸವನ್ನು ಬಳಸಿದವರ ವಿವರ ಬೇಕು ಎಂದು ಅದರಲ್ಲಿತ್ತು. ಪತ್ರದ ಮೇಲೆ ನ್ಯಾಯಾಧೀಶರ ಸಹಿ ಇರಲಿಲ್ಲ. ಇಂಥದೊಂದು ಪತ್ರ ಬಂದಿದೆ ಎಂದು ಯಾರಿಗೂ, ಎಂದೆಂದಿಗೂ ಹೇಳಬಾರದು ಎಂಬ ಕಟ್ಟಪ್ಪಣೆ ಮಾತ್ರ ಇತ್ತು.

ಕ್ರಿಶ್ಚಿಯನ್, ಅವರ ಸಂಸ್ಥೆಯ ಪದಾಧಿಕಾರಿಗಳಾದ ಬಾರ್ಬರಾ ಬೇಲಿ, ಪೀಟರ್ ಚೇಸ್, ಜಾನೆಟ್ ನೋಸೆಕ್ ಸೇರಿ ಚರ್ಚಿಸಿ ಸರ್ಕಾರದ ವಿರುದ್ಧವೇ ದಾವೆ ಹೂಡಿದರು. ಹೆಸರು ಹೇಳಿಕೊಳ್ಳುವಂತಿಲ್ಲವಾದ್ದರಿಂದ ದಾವೆಯಲ್ಲಿ ಅವರು ‘ಜಾನ್ ಡೋ’. ತಮ್ಮದೇ ಮೊಕದ್ದಮೆಯ ಕಲಾಪಕ್ಕೆ ಹೋಗುವಂತಿಲ್ಲ. ಬ್ರಿಜ್‌ಪೋರ್ಟಿನಲ್ಲಿ ವಾದ ನಡೆಯುವಾಗ ಅವರು ಬೇರೊಂದು ಊರಿನ ನ್ಯಾಯಾಲಯದ ಕೋಣೆಯಲ್ಲಿ ಕೂತು ಟಿವಿ ಪರದೆಯ ಮೇಲೆ ನೋಡಿದರು. ಮನೆಯವರ ಮುಂದೆಯೂ ತುಟಿ ಬಿಚ್ಚುವಂತಿರಲಿಲ್ಲ. ಎಫ್‌ಬಿಐಗೆ ಇಂಥ ಪತ್ರ ಕಳಿಸುವ ಅಧಿಕಾರವನ್ನು ಹಿಗ್ಗಿಸಿದ್ದ, ದೇಶಪ್ರೇಮದ ಹೆಸರಿನ ‘ಪೇಟ್ರಿಯಟ್’ ಕಾನೂನನ್ನು ನವೀಕರಿಸುವ ಚರ್ಚೆ ಸಂಸತ್ತಿನಲ್ಲಿ ನಡೆದು, 2006ರ ಮಾರ್ಚ್‌ನಲ್ಲಿ ಅಧ್ಯಕ್ಷರ ಸಹಿಯೂ ಬಿತ್ತು. ಲೈಬ್ರರಿಗಳ ಮೇಲೆ ಅದರ ಪರಿಣಾಮವೇನೆಂದು ಸ್ವಂತ ಅನುಭವದಿಂದ ಹೇಳಬಲ್ಲ ನಾಲ್ವರು ಆ ಹೊತ್ತಿನಲ್ಲೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕಾಯಿತು. ಕಾನೂನು ನವೀಕರಣವಾದ ಮರುತಿಂಗಳು ಸರ್ಕಾರ ಮೌನದ ಆಜ್ಞೆಯನ್ನು ಕೈಬಿಟ್ಟಿತು. ಆಮೇಲೆ ಮಾಹಿತಿಯ ಬೇಡಿಕೆಯನ್ನೂ ಹಿಂದಕ್ಕೆ ಪಡೆಯಿತು.

ಈ ನಾಲ್ವರು ಪೊಲೀಸರಿಗೆ ಎಂದೂ ಸಹಕರಿಸೆವು ಎಂದು ಹಟ ಹಿಡಿದವರಲ್ಲ. ನ್ಯಾಯಾಧೀಶರೊಬ್ಬರು ಪರಿಶೀಲಿಸಲಿ ಎಂಬುದಷ್ಟೇ ಅವರ ಕೋರಿಕೆ. ತನಿಖೆಗೆ ನಿಜಕ್ಕೂ ಅಗತ್ಯವಿದ್ದಾಗ ಆ ಆದೇಶ ತರುವುದು ಕಷ್ಟವೂ ಅಲ್ಲ. ಗುಟ್ಟು ಕಾಯುವುದೆಂದರೆ ಅಪರಾಧಿಗೆ ಆಸರೆ ಕೊಡುವುದು ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಅಮೆರಿಕದ 48 ರಾಜ್ಯಗಳಲ್ಲಿ ಇಂದು ಲೈಬ್ರರಿ ದಾಖಲೆಗಳ ಗೌಪ್ಯತೆಗೆಂದೇ ಕಾನೂನುಗಳಿವೆ.

ದಾಖಲೆಯೇ ಇಲ್ಲದಿದ್ದರೆ ಕೊಡುವ ಪ್ರಶ್ನೆಯೂ ಏಳುವುದಿಲ್ಲ. ನಮ್ಮ ಹಳೆಯ ಲೈಬ್ರರಿಗಳಲ್ಲಿ ಇದು ಸದ್ದಿಲ್ಲದೆ ನಡೆಯುತ್ತಿತ್ತು. ಪುಸ್ತಕದ ಒಳರಟ್ಟಿಗೆ ಅಂಟಿಸಿದ ಕಾಗದದ ಜೇಬು, ಅದರಲ್ಲೊಂದು ಕಾರ್ಡು. ಓದುಗನ ಕೈಯಲ್ಲಿ ಪುಟ್ಟ ಚೀಲದಂಥ ಎರಡೋ ಮೂರೋ ಟಿಕೆಟ್. ಪುಸ್ತಕ ಒಯ್ಯುವಾಗ ಕಾರ್ಡನ್ನು ಟಿಕೆಟ್ಟಿನೊಳಗೆ ತೂರಿಸಿ ಗಡುವಿನ ದಿನದ ಪ್ರಕಾರ ತಟ್ಟೆಯಲ್ಲಿ ಜೋಡಿಸುತ್ತಾರೆ. ವಾಪಸು ಬಂದಾಗ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ಓದುಗನಿಗೆ. ಅಲ್ಲಿಗೆ ನಂಟು ಕಡಿಯಿತು. ಆ ಪುಸ್ತಕವನ್ನು ಅವನು ಓದಿದ್ದ ಎಂಬುದಕ್ಕೆ ಜಗತ್ತಿನಲ್ಲಿ ಯಾವ ಕುರುಹೂ ಉಳಿಯುವುದಿಲ್ಲ. ಅಮೆರಿಕದ ನೀನಾ ಬ್ರೌನ್ ಅವರ ಹೆಸರಿನಲ್ಲಿ ಬ್ರೌನ್ ಪದ್ಧತಿ ಎಂದು ನಮ್ಮ ಲೈಬ್ರರಿ ತರಗತಿಗಳಲ್ಲಿ ಕಲಿಸುವುದು ಇದನ್ನೇ. ಮೆಚ್ಚಿಕೊಂಡದ್ದು ಅದು ಸಮಯ ಉಳಿಸುತ್ತದೆಂಬ ಕಾರಣಕ್ಕೆ. ಅದಕ್ಕೆ ಎದುರಾದದ್ದು ನ್ಯೂವಾರ್ಕ್ ಪದ್ಧತಿ. ಅಲ್ಲಿ ಒಯ್ದವರ ಗುರುತು ಪುಸ್ತಕದ ಕಾರ್ಡಿನ ಮೇಲೇ ಸಾಲುಸಾಲಾಗಿ ದಾಖಲಾಗುತ್ತದೆ, ಕಾರ್ಡು ಇರುವವರೆಗೆ ಅಳಿಯುವುದಿಲ್ಲ. ಹುಡುಗ ಮುರಕಾಮಿಯನ್ನು ಐವತ್ತು ವರ್ಷಗಳ ನಂತರ ಬಯಲಿಗೆ ತಂದದ್ದು ಅಂಥದೇ ಕಾರ್ಡು.

ಕಂಪ್ಯೂಟರ್ ಬಂದಾಗ ಕನ್ನಡನಾಡಿನ ಲೈಬ್ರರಿಗಳು ತಮಗೆ ಗೊತ್ತಿಲ್ಲದೆಯೇ ಬ್ರೌನ್‌ನಿಂದ ನ್ಯೂವಾರ್ಕ್ ಕಡೆಗೆ ಹೊರಳಿದವು. ಕಾಲೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಕೋಹಾ’ ನ್ಯೂಜಿಲೆಂಡಿನಲ್ಲಿ ಹುಟ್ಟಿದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ತಂತ್ರಾಂಶ. ವಾಪಸಾದ ಪುಸ್ತಕದಿಂದ ಓದುಗನ ಹೆಸರನ್ನು ಕಳಚಿಹಾಕುವ ಸೌಲಭ್ಯ ಅದರೊಳಗೇ ಇದೆ. ಆದರೆ ಯಾರಾದರೂ ಅದನ್ನು ಚಾಲೂ ಮಾಡಬೇಕು. ಮಾಡದಿದ್ದರೆ ವಿದ್ಯಾರ್ಥಿ ಮೊದಲ ಸೆಮಿಸ್ಟರಿನಿಂದ ಒಯ್ದ ಪುಸ್ತಕಗಳೆಲ್ಲ ಒಂದು ಕ್ಲಿಕ್ಕಿಗೆ ಸಾಲಾಗಿ ಬಂದು ನಿಲ್ಲುತ್ತವೆ. ಯಾವ ಪುಸ್ತಕಕ್ಕೆ ಎಷ್ಟು ಬೇಡಿಕೆಯಿದೆ ಎಂಬ ಅಂಕಿಅಂಶ ಲೈಬ್ರರಿಗೆ ಬೇಕು, ನಿಜ. ಅದಕ್ಕೆ ಎಣಿಕೆ ಸಾಕು, ಹೆಸರು ಬೇಕಿಲ್ಲ.

ಗ್ರಂಥಾಲಯ ವಿಜ್ಞಾನದ ವಿಷಯದಲ್ಲಿ ಬೆಂಗಳೂರಿಗೆ ವಿಶೇಷ ಹಕ್ಕಿದೆ. ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದ ಎಸ್.ಆರ್. ರಂಗನಾಥನ್ ಕೊನೆಗೆ ನೆಲೆ ನಿಂತದ್ದು ಈ ಊರಿನಲ್ಲಿ. 1962ರಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿ ಕಟ್ಟಿದರು, 1972ರ ಸೆಪ್ಟೆಂಬರ್ 27ರಂದು ಇಲ್ಲೇ ತೀರಿಕೊಂಡರು. ಅವರ ಜನ್ಮದಿನದ ನೆನಪಿಗೆ ಆಗಸ್ಟ್ 12 ದೇಶದ ಲೈಬ್ರೇರಿಯನ್ನರ ದಿನ. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಬಡವ ಬಲ್ಲಿದ, ಗಂಡು ಹೆಣ್ಣು, ನಗರ ಹಳ್ಳಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬನಿಗೂ ಅವನದೇ ಪುಸ್ತಕ ದಕ್ಕಬೇಕೆಂದು ಎರಡನೇ ಸೂತ್ರದ ವಿವರಣೆಯಲ್ಲಿ ಅವರು ವಾದಿಸಿದರು. ಹೆದರಿದವನ ಕೈಗೆ ಅವನ ಪುಸ್ತಕ ಹೇಗೆ ತಾನೇ ತಲುಪೀತು? ಗೌಪ್ಯತೆಯನ್ನು ಆ ಸೂತ್ರದೊಳಗಿಟ್ಟೇ ಕಲಿಸುವುದು ಸರಿಯಾದ ದಾರಿ.

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಪ್ರಾಧಿಕಾರ, ಆಡಳಿತ, ಗ್ರಂಥಾಲಯ ಕರಗಳ ಸುತ್ತ ಕಟ್ಟಿದ್ದು. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ಅರ್ಧ ಶತಮಾನದ ಬಳಿಕ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಆದರೆ ಒಬ್ಬ ವ್ಯಕ್ತಿ ಏನನ್ನು ಓದುತ್ತಾನೆ ಎಂಬುದಕ್ಕಿಂತ ಖಾಸಗಿಯಾದದ್ದು ಯಾವುದಿದೆ? ತೀರ್ಪಿನ ಬೆಳಕು ನಮ್ಮ ಲೈಬ್ರರಿ ಕೌಂಟರಿನ ಮೇಲೂ ಬೀಳಬೇಕು.

ಓದುಗನಿಗೆ ನೆರವಾದವರಿಗೂ ರಕ್ಷಣೆ ಬೇಕೆಂಬುದನ್ನು ಪುಣೆ ತೋರಿಸಿಕೊಟ್ಟಿದೆ. ಶಿವಾಜಿಯ ಬಗ್ಗೆ ಅಮೆರಿಕದ ಜೇಮ್ಸ್ ಲೇನ್ ಬರೆದ ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಹೆಸರಿತ್ತೆಂಬ ಒಂದೇ ಕಾರಣಕ್ಕೆ 2003ರ ಡಿಸೆಂಬರಿನಲ್ಲಿ ಸಂಸ್ಕೃತ ವಿದ್ವಾಂಸರೊಬ್ಬರ ಮುಖಕ್ಕೆ ಮಸಿ ಬಳಿಯಲಾಯಿತು. ಅದೇ ಸಿಟ್ಟಿನಲ್ಲಿ 2004ರ ಜನವರಿ 5ರಂದು ಭಂಡಾರ್ಕರ್ ಪ್ರಾಚ್ಯ ಸಂಶೋಧನಾ ಸಂಸ್ಥೆಗೆ ಗುಂಪೊಂದು ನುಗ್ಗಿ ಕಪಾಟುಗಳನ್ನು ಉರುಳಿಸಿತು, ಪುಸ್ತಕಗಳೂ ಹಸ್ತಪ್ರತಿಗಳೂ ಹಾಳಾದವು. ಆಕರ ತೆಗೆದುಕೊಡುವವರು ಓದುಗನ ತೀರ್ಮಾನಕ್ಕೆ ಜವಾಬ್ದಾರರಲ್ಲ. ಇಷ್ಟು ಸರಳ ಸಂಗತಿ ಸಮಾಜಕ್ಕೆ ತಿಳಿಯದಿದ್ದಾಗ ಒಳಗಿನ ಸಿಬ್ಬಂದಿ ಅಂಜಿ, ಕೇಳಿದ ಪುಸ್ತಕವನ್ನು ‘ಇಲ್ಲ’ ಎನ್ನುವ ಅಭ್ಯಾಸಕ್ಕೆ ಬೀಳುತ್ತಾರೆ. ಅದನ್ನು ಅವರ ತಪ್ಪೆಂದು ಹೇಳಲು ಮನಸ್ಸು ಬರುವುದಿಲ್ಲ.

ಎರವಲು ಪುಸ್ತಕಗಳ ಲೆಕ್ಕವನ್ನು ಜೀವ ಉಳಿಸಲು ಬಳಸಿದವರೂ ಇದ್ದಾರೆ. ಲಿಥುವೇನಿಯಾದ ವಿಲ್ನಿಯಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಓನಾ ಶಿಮಾಯ್ಟೆ, ಯಹೂದಿ ವಿದ್ಯಾರ್ಥಿಗಳು ಹಿಂದಿರುಗಿಸದ ಪುಸ್ತಕಗಳನ್ನು ವಸೂಲು ಮಾಡಬೇಕಿದೆ ಎಂಬ ನೆಪ ಹೇಳಿ ನಾಜಿಗಳು ಬೇಲಿ ಹಾಕಿದ್ದ ಗೆಟ್ಟೊ ಒಳಗೆ ಹೋಗಿಬರುವ ಪರವಾನಗಿ ಪಡೆದರು. ಒಳಗೆ ಆಹಾರ ಒಯ್ದರು, ಹೊರಗೆ ಪತ್ರಗಳನ್ನೂ ಹಸ್ತಪ್ರತಿಗಳನ್ನೂ ತಂದರು, ಜನ ತಪ್ಪಿಸಿಕೊಳ್ಳಲು ನೆರವಾದರು. 1944ರಲ್ಲಿ ಸಿಕ್ಕಿಬಿದ್ದಾಗ ಚಿತ್ರಹಿಂಸೆ ಕೊಟ್ಟು ಡಾಹೌ ಶಿಬಿರಕ್ಕೆ ಸಾಗಿಸಿದರು. ಅವರು ಬದುಕಿ ಬಂದರು.

ಕರ್ನಾಟಕದ ಹಳ್ಳಿಗಳಲ್ಲಿ ಈಗ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಲೈಬ್ರರಿಗಳಿವೆ. ‘ಅರಿವು ಕೇಂದ್ರ’ ಎಂಬ ಹೊಸ ಹೆಸರು, ‘ಓದುವ ಬೆಳಕು’ ಕಾರ್ಯಕ್ರಮದಿಂದ ಬಂದ ಮಕ್ಕಳ ಕಲರವ, ಕೆಲವೆಡೆ ಕಂಪ್ಯೂಟರು. ಅಲ್ಪ ಗೌರವಧನಕ್ಕೆ ಒಬ್ಬರೇ ಬಾಗಿಲು ತೆಗೆದು, ಕಸ ಗುಡಿಸಿ, ಪುಸ್ತಕ ಕೊಟ್ಟು, ಮಕ್ಕಳನ್ನು ಕೂರಿಸುವ ಮೇಲ್ವಿಚಾರಕರಿಗೆ ನೀತಿಸಂಹಿತೆಯ ಹೊರೆ ಹೊರಿಸುವುದು ನ್ಯಾಯವಲ್ಲ ಅನ್ನಿಸಬಹುದು. ಆದರೆ ಅವರಿಗೆ ಬೇಕಾಗಿರುವುದು ದೊಡ್ಡ ಗ್ರಂಥವಲ್ಲ. ಹೆಸರು, ವಿಳಾಸ, ಫೋನ್ ನಂಬರ್ ಬರೆಸುವ ಗೇಟ್ ರಿಜಿಸ್ಟರು ಬಂದವರೆಲ್ಲ ಹಾಳೆ ಮಗುಚುವಂತೆ ಮೇಜಿನ ಮೇಲೆ ಬಿದ್ದಿರಬಾರದು. ಗಡುವು ಮೀರಿದವರ ಪಟ್ಟಿಯನ್ನು ಪುಸ್ತಕದ ಹೆಸರಿನ ಸಮೇತ ನೋಟಿಸ್ ಬೋರ್ಡಿಗೆ ಹಚ್ಚಬಾರದು. ಕಂಪ್ಯೂಟರಿನಲ್ಲಿ ಮೊದಲು ಕೂತಿದ್ದವರು ನೋಡಿದ್ದು ಆಮೇಲೆ ಕೂತವರಿಗೆ ಕಾಣಬಾರದು. ಯಾರಾದರೂ ಓದುಗರ ವಿವರ ಕೇಳಿಕೊಂಡು ಬಂದರೆ ‘ಬರವಣಿಗೆಯಲ್ಲಿ ಕೊಡಿ, ಮೇಲಿನವರಿಗೆ ಕಳಿಸುತ್ತೇನೆ’ ಎನ್ನುವ ಧೈರ್ಯಕ್ಕೆ ಇಲಾಖೆಯ ಒಂದು ಸುತ್ತೋಲೆ ಬೆನ್ನಿಗಿರಬೇಕು. ಧೈರ್ಯವನ್ನು ಅವರೊಬ್ಬರ ಹೆಗಲಿಗೇ ಬಿಡುವುದಾದರೆ ಅದು ಹಾರ್ನ್ ಅವರಿಗೆ ಆದ ಅನ್ಯಾಯದ ಪುನರಾವರ್ತನೆ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಲೈಬ್ರರಿಗಳಿಂದ ಹೊರಬಿದ್ದ ಪುಸ್ತಕಗಳು ಸಿಗುತ್ತವೆ. ಬೆನ್ನಿಗೆ ಕರೆಸಂಖ್ಯೆಯ ಚೀಟಿ, ಒಳಗೆ ಮಾಸಿದ ಮೊಹರು, ನೀಲಿ ಶಾಯಿಯ ದಿನಾಂಕಗಳ ಸಾಲು. ಕೆಲವೊಮ್ಮೆ ಜೇಬಿನಲ್ಲಿ ಕಾರ್ಡೂ ಇರುತ್ತದೆ, ಕಾರ್ಡಿನ ಮೇಲೆ ದುಂಡನೆಯ ಅಕ್ಷರದ ಹೆಸರುಗಳಿರುತ್ತವೆ. ಕೋಬೆಯಲ್ಲಿ ತಪ್ಪು ನಡೆದದ್ದು ಪತ್ರಿಕೆಯ ಕಚೇರಿಯಲ್ಲಿ ಮಾತ್ರವಲ್ಲ, ಅದಕ್ಕೂ ಮೊದಲು, ಪುಸ್ತಕಗಳನ್ನು ಹೊರಹಾಕಲು ಪೇರಿಸಿಟ್ಟ ಮೂಲೆಯಲ್ಲಿ. ‘ರದ್ದು’ ಎಂಬ ಮೊಹರು ಒತ್ತುವ ಕೈ ಅದಕ್ಕೆ ಮುನ್ನ ಜೇಬಿಗೆ ಬೆರಳು ಹಾಕಿ ಆ ಕಾರ್ಡನ್ನು ಎಳೆದು ತೆಗೆಯಬೇಕು. ಒಂದು ಪುಸ್ತಕಕ್ಕೆ ಅರೆ ನಿಮಿಷದ ಕೆಲಸ.